ಉಂಡ ರೊಟ್ಟಿ ಏನಾಗುವುದು?

ಕಲಬುರಗಿ ಜಿಲ್ಲೆಯ ತೆಂಗಳಿಯ ಸುತ್ತಣ ಸೀಮೆಯಲ್ಲಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಕಡೆ, ಊಟವೆಂದರೆ ಮುಖ್ಯವಾಗಿ ಜೋಳದ ರೊಟ್ಟಿ ಮತ್ತು ತೊಗರಿಯ ಬೇಳೆ. ಬದಿಗೆ ಪುಂಡಿಪಲ್ಯವೋ ಶೇಂಗಾ ಹಿಂಡಿಯೋ ಇದ್ದರೆ ಊಟ ಸೊಗಸಾಯಿತು. ಇಲ್ಲಿಯ ಕಪ್ಪು ನೆಲವು ಜೋಳವನ್ನೂ ತೊಗರಿಯನ್ನೂ ಕೊಡುತ್ತದೆ; ಭೂಮಿಯೊಳಗಿನ ಸುಣ್ಣಕಲ್ಲು ಮನೆಗಳಿಗೆ ಹಾಸುಗಲ್ಲಾಗಿಯೂ ಸಿಮೆಂಟಿನ ಕಾರ್ಖಾನೆಗಳಿಗೆ ಕಚ್ಚಾ ಸರಕಾಗಿಯೂ ಒದಗುತ್ತದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆತುದು ಅನೇಕರಿಗೆ ತಿಳಿದಿದೆ. ರೊಟ್ಟಿ ಉಣ್ಣುವವರು ಗಟ್ಟಿಮುಟ್ಟಾದವರೆಂಬ ನಂಬಿಕೆಯೂ ಈ ನಾಡಿನಲ್ಲಿ ಬಹು ಹಳೆಯದು. ಆದರೆ ಜೋಳದ ಕಾಳು ಬೇರೆ, ನಮ್ಮ ತೋಳಿನ ಮಾಂಸಖಂಡ ಬೇರೆ. ಒಂದು ಇನ್ನೊಂದಾಗಿ ಮಾರ್ಪಡುವುದು ಹೇಗೆ? ತಟ್ಟೆಯಲ್ಲಿದ್ದುದರಲ್ಲಿ ಎಷ್ಟು ಪಾಲು ನಿಜವಾಗಿ ನಮ್ಮದಾಗುವುದು? ಈ ಎರಡನೆಯ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳುವುದೇ ಇಲ್ಲ. ಉಂಡುದೆಲ್ಲ ಮೈಗೆ ಹತ್ತಿತೆಂದೇ ಭಾವಿಸುತ್ತೇವೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಬಾಯಿಂದ ಗುದದವರೆಗಿನ ಅನ್ನಮಾರ್ಗವು ಒಂದು ಉದ್ದನೆಯ ಕೊಳವೆ. ಅದರೊಳಗೆ ಇರುವ ಆಹಾರವು ವಾಸ್ತವವಾಗಿ ಇನ್ನೂ ದೇಹದ ಹೊರಗೇ ಇದೆ. ಮಣಿಯ ರಂಧ್ರದಲ್ಲಿ ಹಾಯ್ದ ದಾರವು ಮಣಿಯ ನಡುವೆ ಇದ್ದರೂ ಮಣಿಯ ಒಡಲನ್ನು ಸೇರಿರುವುದಿಲ್ಲವಷ್ಟೆ, ಇದೂ ಹಾಗೆಯೇ. ಆ ಕೊಳವೆಯ ಗೋಡೆಯನ್ನು ದಾಟಿ ರಕ್ತವನ್ನು ಸೇರಿದಾಗ ಮಾತ್ರ ಆಹಾರವು ನಮ್ಮದಾಗುವುದು. ಗೋಡೆಯೋ ಬಹಳ ಬಿಗಿಯಾದ ಕಾವಲು. ಪಿಷ್ಟದ ಒಂದು ಅಣುವೆಂದರೆ ಸಾವಿರಾರು ಗ್ಲೂಕೋಸ್ ಅಣುಗಳನ್ನು ಪೋಣಿಸಿದ ಸರ. ಪ್ರೋಟೀನಿನ ಅಣುವೆಂದರೆ ನೂರಾರು ಅಮೈನೋ ಆಮ್ಲಗಳ ಸರ. ಇಂಥ ಸರಗಳಿಗೆ ಅಲ್ಲಿ ಪ್ರವೇಶವಿಲ್ಲ. ಸರವನ್ನು ಹರಿದು, ಬಿಡಿ ಬಿಡಿ ಮಣಿಗಳನ್ನಾಗಿ ಮಾಡಿದರೆ ಮಾತ್ರ ಒಳಗೆ ಬಿಟ್ಟುಕೊಳ್ಳುವುದು. ಹೀಗೆ ಬಿಡಿಸುವ ಕೆಲಸವೇ ಜೀರ್ಣಕ್ರಿಯೆ.

ಈ ಕೆಲಸವು ಅಡುಗೆಮನೆಯಲ್ಲಿಯೇ ಆರಂಭವಾಗುತ್ತದೆಂದರೆ ತಪ್ಪಾಗದು. ಜೋಳದ ಹಿಟ್ಟಿಗೆ ಕುದಿಯುವ ಎಸರನ್ನು ಹೊಯ್ದು ನಾದುವುದು ವಾಡಿಕೆ. ಗೋದಿಯ ಹಿಟ್ಟಿನಲ್ಲಿರುವಂಥ ಜಿಗುಟು ಜೋಳದಲ್ಲಿಲ್ಲ. ಬಿಸಿನೀರಿಗೆ ಉಬ್ಬಿದ ಪಿಷ್ಟವೇ ಹಿಟ್ಟನ್ನು ಹಿಡಿದಿಡುವ ಅಂಟಾಗುವುದು. ಲಟ್ಟಣಿಗೆಗಿಂತ ಕೈಯಿಂದ ಬಡಿದೇ ರೊಟ್ಟಿ ಮಾಡುವುದು ರೂಢಿಗೆ ಬಂದಿರುವುದಕ್ಕೆ ಇದೂ ಕಾರಣ. ಹಸಿಯ ಪಿಷ್ಟದ ಹರಳುಗಳು ಬಿಗಿಯಾಗಿ ಕಟ್ಟಲ್ಪಟ್ಟಿರುತ್ತವೆ. ನೀರು ಮತ್ತು ಶಾಖ ಸೇರಿದಾಗ ಅವು ಊದಿ, ಸಡಿಲಗೊಂಡು, ಜೀರ್ಣರಸಗಳಿಗೆ ದಾರಿ ಕೊಡುತ್ತವೆ. ಬೇಳೆಯ ವಿಷಯದಲ್ಲಿ ಬೇಯಿಸುವುದು ಇನ್ನೂ ಅಗತ್ಯ. ಹಸಿಯ ತೊಗರಿಯಲ್ಲಿ ನಮ್ಮ ಜೀರ್ಣರಸದ ಕೈ ಕಟ್ಟಿಹಾಕುವ ಕೆಲವು ಪದಾರ್ಥಗಳಿವೆ. ಒಲೆಯ ಮೇಲೆ ಬೆಂದಾಗ ಅವುಗಳ ಶಕ್ತಿ ಬಹುಮಟ್ಟಿಗೆ ನಾಶವಾಗುವುದು.

ಬಾಯಲ್ಲಿ ಹಲ್ಲುಗಳು ರೊಟ್ಟಿಯನ್ನು ಅರೆಯುತ್ತಿರುವಾಗ ಜೊಲ್ಲು ಅದಕ್ಕೆ ಬೆರೆಯುತ್ತದೆ. ದಿನವೊಂದಕ್ಕೆ ಒಂದರಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ನಮ್ಮಲ್ಲಿ ಸ್ರವಿಸುತ್ತದೆಂದರೆ ಆಶ್ಚರ್ಯವಾಗಬಹುದು. ಅದರಲ್ಲಿರುವ ಅಮಿಲೇಸ್ ಎಂಬ ಕಿಣ್ವವು ಪಿಷ್ಟದ ಸರವನ್ನು ತುಂಡರಿಸತೊಡಗುವುದು. ಕಿಣ್ವವೆಂದರೆ ತಾನು ವ್ಯಯವಾಗದೆ ರಾಸಾಯನಿಕ ಕ್ರಿಯೆಯನ್ನು ತ್ವರೆಗೊಳಿಸುವ ಪ್ರೋಟೀನು. ಇದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಿ ನೋಡಬಹುದು. ತೆಳುವಾದ ಗಂಜಿಯ ತಿಳಿಯನ್ನು ಎರಡು ಗಾಜಿನ ನಳಿಗೆಗಳಲ್ಲಿ ತೆಗೆದುಕೊಂಡು, ಒಂದಕ್ಕೆ ಮಾತ್ರ ತುಸು ಜೊಲ್ಲನ್ನು ಸೇರಿಸಿ, ಎರಡನ್ನೂ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ಹದಿನೈದು ನಿಮಿಷ ನಿಲ್ಲಿಸಿರಿ. ಬಳಿಕ ಎರಡಕ್ಕೂ ಒಂದೊಂದು ಹನಿ ಟಿಂಕ್ಚರ್ ಅಯೊಡೀನ್ ಹಾಕಿದರೆ, ಜೊಲ್ಲಿಲ್ಲದ ನಳಿಗೆ ಕಡುನೀಲಿಯಾಗುವುದು. ಜೊಲ್ಲು ಸೇರಿದ್ದರಲ್ಲಿ ಆ ಬಣ್ಣ ಮೂಡದು, ಇಲ್ಲವೆ ಬಹಳ ಮಂಕಾಗಿರುವುದು. ನೀಲಿ ಕೊಡುವ ಪಿಷ್ಟವು ಅಲ್ಲಿ ಸಕ್ಕರೆಯ ಜಾತಿಗೆ ಇಳಿದಿದೆ. ರೊಟ್ಟಿಯ ಚೂರನ್ನು ನುಂಗದೆ ಬಹಳ ಹೊತ್ತು ಅಗಿದರೆ ನಾಲಗೆಗೆ ಸಣ್ಣ ಸಿಹಿ ತಿಳಿಯುವುದೂ ಇದರಿಂದಲೇ.

ನುಂಗಿದ ತುತ್ತು ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳದಲ್ಲಿ ತಾನಾಗಿ ಬೀಳುವುದಿಲ್ಲ. ನಾಳದ ಸ್ನಾಯುಗಳು ಅಲೆಯಲೆಯಾಗಿ ಹಿಸುಕಿ ಅದನ್ನು ಕೆಳಕ್ಕೆ ತಳ್ಳುತ್ತವೆ. ತಲೆಕೆಳಗಾಗಿ ನಿಂತವನಿಗೂ ನುಂಗಲು ಸಾಧ್ಯವಿರುವುದು ಈ ಅಲೆಗಳಿಂದಲೇ.

ಇನ್ನು ಜಠರಕ್ಕೆ ಬರೋಣ. ಇಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಅದರ ತೀಕ್ಷ್ಣತೆಯನ್ನು ಅರಿಯಲು ತೆಂಗಳಿ ಸೀಮೆಯವರಿಗೆ ದೂರ ಹೋಗಬೇಕಾದ್ದಿಲ್ಲ. ಕಾಲ ಕೆಳಗಿನ ಹಾಸುಗಲ್ಲೇ ಸಾಕು. ಶಹಾಬಾದ ಕಲ್ಲು ಸುಣ್ಣಕಲ್ಲಿನ ಜಾತಿಯದು; ಅದರ ಮುಖ್ಯಾಂಶ ಕ್ಯಾಲ್ಸಿಯಂ ಕಾರ್ಬೊನೇಟು. ಅಡುಗೆಮನೆಯ ನುಣುಪಾದ ಕಲ್ಲಿನ ಮೇಲೆ ಹುಣಿಸೆಯ ಹುಳಿಯೋ ನಿಂಬೆಯ ರಸವೋ ಚೆಲ್ಲಿ ಹಾಗೆಯೇ ಉಳಿದರೆ ಅಲ್ಲಿ ಮಾಸಲು ಕಲೆ ಬೀಳುವುದನ್ನು ಗೃಹಿಣಿಯರು ಬಲ್ಲರು. ಆ ಕಲೆ ಕೊಳೆಯಲ್ಲ, ಆಮ್ಲವು ಕಲ್ಲನ್ನು ತಿಂದ ಗುರುತು. ಪ್ರಯೋಗಶಾಲೆಯಲ್ಲಿ ಉಪಾಧ್ಯಾಯರ ಸಮ್ಮುಖದಲ್ಲಿ ಈ ಕಲ್ಲಿನ ಚೂರಿನ ಮೇಲೆ ತೆಳುಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲವನ್ನು ಬಿಟ್ಟರೆ ಬುಸುಗುಟ್ಟಿ ನೊರೆಯೇಳುವುದು. ಹೊರಬರುವುದು ಇಂಗಾಲದ ಡೈ ಆಕ್ಸೈಡ್ ಅನಿಲ. ನಮ್ಮ ಜಠರದಲ್ಲಿರುವುದೂ ಅದೇ ಆಮ್ಲವೇ. ಹೊಟ್ಟೆಯುರಿಗೆ ಕೊಡುವ ಹಲವು ಗುಳಿಗೆಗಳಲ್ಲಿರುವುದು ಶುದ್ಧೀಕರಿಸಿದ ಕ್ಯಾಲ್ಸಿಯಂ ಕಾರ್ಬೊನೇಟು, ಎಂದರೆ ರಸಾಯನಶಾಸ್ತ್ರದ ಕಣ್ಣಿಗೆ ಶಹಾಬಾದ ಕಲ್ಲಿನ ನಂಟನೇ. (ಹಾಗೆಂದು ಕಲ್ಲಿನ ಪುಡಿಯನ್ನು ನೆಕ್ಕಬಾರದು, ಅದರಲ್ಲಿ ಮಣ್ಣು, ಮರಳು ಮೊದಲಾದುವೂ ಉಂಟು.)

ಈ ಆಮ್ಲವು ಪ್ರೋಟೀನಿನ ಮಡಿಕೆಗಳನ್ನು ಬಿಡಿಸುವುದು. ಅದರೊಡನೆ ಇರುವ ಪೆಪ್ಸಿನ್ ಎಂಬ ಕಿಣ್ವವು ಹಾಗೆ ಬಿಚ್ಚಿಕೊಂಡ ಸರವನ್ನು ಕತ್ತರಿಸುವುದು. ಹದಿನೆಂಟನೆಯ ಶತಮಾನದಲ್ಲಿ ಇದು ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ. ಜಠರವು ಬೀಸುಕಲ್ಲಿನಂತೆ ಆಹಾರವನ್ನು ಅರೆಯುತ್ತದೆಂದು ಕೆಲವರು, ಅಲ್ಲಿ ಅನ್ನ ಕೊಳೆಯುತ್ತದೆಂದು ಕೆಲವರು ವಾದಿಸುತ್ತಿದ್ದರು. 1752ರಲ್ಲಿ ಫ್ರಾನ್ಸಿನ ರಯೋಮೂರ್ ಒಂದು ಹದ್ದಿನ ಜಾತಿಯ ಹಕ್ಕಿಗೆ ಮಾಂಸ ತುಂಬಿದ ಲೋಹದ ಚಿಕ್ಕ ಕೊಳವೆಗಳನ್ನು ನುಂಗಿಸಿದನು. ಜೀರ್ಣವಾಗದುದನ್ನು ಹೊರಕ್ಕೆ ಕಾರಿಬಿಡುವುದು ಆ ಹಕ್ಕಿಯ ಅಭ್ಯಾಸ. ಹೊರಬಂದ ಕೊಳವೆಗೆ ಒಂದು ನೆಗ್ಗೂ ಬಿದ್ದಿರಲಿಲ್ಲ, ಒಳಗಿನ ಮಾಂಸ ಮಾತ್ರ ಕರಗತೊಡಗಿತ್ತು. ಅರೆಯುವಿಕೆಯಿಂದಲ್ಲ, ರಸದಿಂದಲೇ ಕಾರ್ಯ ನಡೆಯುವುದೆಂದು ಇದರಿಂದ ತಿಳಿಯಿತು. ಆ ರಸದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲವೆಂದು 1824ರಲ್ಲಿ ಇಂಗ್ಲೆಂಡಿನ ವಿಲಿಯಂ ಪ್ರೌಟ್ ತೋರಿಸಿದನು. ಅದಕ್ಕೂ ಎರಡು ವರ್ಷ ಮೊದಲು, 1822ರಲ್ಲಿ, ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತರುಣ ಕೂಲಿಯ ಹೊಟ್ಟೆಗೆ ಅಕಸ್ಮಾತ್ತಾಗಿ ಬಂದೂಕಿನ ಗುಂಡು ತಗಲಿತ್ತು. ಸೈನ್ಯದ ವೈದ್ಯನಾದ ವಿಲಿಯಂ ಬೋಮಾಂಟ್ ಅವನನ್ನು ಬದುಕಿಸಿದನಾದರೂ ಗಾಯದ ರಂಧ್ರ ಜಠರದೊಳಕ್ಕೆ ತೆರೆದೇ ಉಳಿಯಿತು. ಆ ಕಿಂಡಿಯಿಂದ ಬೋಮಾಂಟ್ ವರ್ಷಗಟ್ಟಲೆ ಜಠರದ ಕೆಲಸವನ್ನು ನೋಡಿದನು; ದಾರಕ್ಕೆ ಕಟ್ಟಿದ ಮಾಂಸದ ತುಣುಕುಗಳನ್ನು ಇಳಿಬಿಟ್ಟು, ಮತ್ತೆ ಎಳೆದು ಪರೀಕ್ಷಿಸಿದನು. 1833ರಲ್ಲಿ ಅವನ ಗ್ರಂಥ ಹೊರಬಂದಿತು. ವಿಜ್ಞಾನಕ್ಕೆ ಇದರಿಂದ ದೊಡ್ಡ ಲಾಭವಾಯಿತು, ನಿಜ. ಬಡವನಾದ ಸೇಂಟ್ ಮಾರ್ಟಿನನಿಗೆ ಈ ಪ್ರಯೋಗಗಳು ಬೇಸರ ತಂದಿದ್ದುವೆಂಬುದನ್ನೂ, ಅವನು ಒಂದಕ್ಕಿಂತ ಹೆಚ್ಚು ಸಲ ವೈದ್ಯನನ್ನು ಬಿಟ್ಟು ಹೋದನೆಂಬುದನ್ನೂ ಮರೆಯಲಾಗದು.

ಕಲ್ಲನ್ನು ಕರಗಿಸುವ ಆಮ್ಲ ಜಠರವನ್ನೇ ಏಕೆ ಕರಗಿಸುವುದಿಲ್ಲ? ಜಠರದ ಒಳಮೈಗೆ ಲೋಳೆಯ ದಪ್ಪ ಹೊದಿಕೆಯುಂಟು. ಆ ಲೋಳೆಯಲ್ಲಿ ಬೈಕಾರ್ಬೊನೇಟು ಸೇರಿಕೊಂಡು, ಗೋಡೆಯತ್ತ ನುಸುಳಿ ಬರುವ ಆಮ್ಲವನ್ನು ಅಲ್ಲಿಯೇ ಶಮನಗೊಳಿಸುವುದು. ಮೇಲಾಗಿ ಒಳಪೊರೆಯ ಮೇಲ್ಮೈ ಕಣಗಳು ಕೆಲವೇ ದಿನಗಳಲ್ಲಿ ಸವೆದು ಹೊಸವು ಹುಟ್ಟುತ್ತಿರುತ್ತವೆ. ಈ ರಕ್ಷಣೆ ಕೆಟ್ಟರೆ ಹುಣ್ಣಾಗುವುದು. ಹುಣ್ಣಿಗೆ ಖಾರವೂ ಚಿಂತೆಯೂ ಕಾರಣವೆಂದು ಬಹುಕಾಲ ಎಲ್ಲರೂ ನಂಬಿದ್ದರು. ನಮ್ಮ ಹಳ್ಳಿಗಳಲ್ಲಿ ಮೆಣಸಿನಕಾಯಿಯ ಹಿಂಡಿ ಅನೇಕ ಸಲ ನಿರಪರಾಧಿಯಾಗಿ ಬೈಸಿಕೊಂಡಿದೆ. 1982ರಲ್ಲಿ ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಜಠರದ ಲೋಳೆಯಲ್ಲಿ ವಾಸಿಸುವ ಸುರುಳಿಯಾಕಾರದ ಒಂದು ಬ್ಯಾಕ್ಟೀರಿಯವನ್ನು ಬೆಳೆಸಿ ತೋರಿಸಿದರು. ಯಾರೂ ಸುಲಭವಾಗಿ ಒಪ್ಪದಿದ್ದಾಗ, 1984ರಲ್ಲಿ ಮಾರ್ಷಲ್ ಅದನ್ನು ತಾನೇ ಕುಡಿದು ಜಠರದ ಉರಿಯೂತವನ್ನು ತಂದುಕೊಂಡನು! 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಜಠರದ ಬಹುಪಾಲು ಹುಣ್ಣುಗಳಿಗೆ ಈ ಸೂಕ್ಷ್ಮಾಣುವಾಗಲಿ, ನೋವಿಗೆಂದು ಮೇಲಿಂದ ಮೇಲೆ ನುಂಗುವ ಕೆಲವು ಗುಳಿಗೆಗಳಾಗಲಿ ಕಾರಣವೆಂದು ಈಗ ತಿಳಿದಿದೆ. ಖಾರವು ಇದ್ದ ಹುಣ್ಣನ್ನು ಉರಿಸೀತು, ಅಷ್ಟೆ.

ಎರಡರಿಂದ ನಾಲ್ಕು ಗಂಟೆಗಳ ಕಾಲ ಜಠರದಲ್ಲಿ ಕಲಕಲ್ಪಟ್ಟ ಅನ್ನವು ಗಂಜಿಯಂತಾಗಿ, ಸ್ವಲ್ಪ ಸ್ವಲ್ಪವಾಗಿ ಸಣ್ಣ ಕರುಳಿನ ಮೊದಲ ಭಾಗಕ್ಕೆ ಹರಿಯುವುದು. ಹುಳಿಗಂಜಿ ಇಲ್ಲಿಗೆ ತಲುಪಿದೊಡನೆ ಕರುಳಿನ ಗೋಡೆಯು ಸೆಕ್ರಿಟಿನ್ ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. ಅದು ರಕ್ತದಲ್ಲಿ ಸುತ್ತಿ ಮೇದೋಜೀರಕ ಗ್ರಂಥಿಯನ್ನು ಮುಟ್ಟಿ ರಸವನ್ನು ಸುರಿಸುವಂತೆ ಪ್ರಚೋದಿಸುತ್ತದೆ. 1902ರಲ್ಲಿ ಲಂಡನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಇದನ್ನು ಕಂಡುಹಿಡಿದರು. ನರಗಳ ನೆರವಿಲ್ಲದೆ ರಕ್ತದ ಮೂಲಕವೇ ಒಂದು ಅಂಗ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಈ ಏರ್ಪಾಟು ಆಗ ಹೊಸ ಸಂಗತಿ. ಹಾರ್ಮೋನು ಎಂಬ ಹೆಸರೇ ಇದರಿಂದಾಗಿ ಬಳಕೆಗೆ ಬಂದಿತು. ಮೇದೋಜೀರಕ ರಸದ ಬೈಕಾರ್ಬೊನೇಟು ಆಮ್ಲದೊಡನೆ ಕೂಡಿದಾಗ ನಡೆಯುವುದು ಶಹಾಬಾದ ಕಲ್ಲಿನ ಮೇಲೆ ನಡೆದಂಥದೇ ಕ್ರಿಯೆ: ಆಮ್ಲ ಅಡಗಿ, ಉಪ್ಪು, ನೀರು, ಇಂಗಾಲದ ಡೈ ಆಕ್ಸೈಡುಗಳು ಉಳಿಯುತ್ತವೆ. ಅದೇ ರಸದಲ್ಲಿ ಪಿಷ್ಟ, ಪ್ರೋಟೀನು, ಕೊಬ್ಬು ಮೂರನ್ನೂ ಒಡೆಯುವ ಕಿಣ್ವಗಳಿವೆ. ಯಕೃತ್ತಿನಿಂದ ಬರುವ ಪಿತ್ತರಸವು ಶೇಂಗಾ ಹಿಂಡಿಯ ಎಣ್ಣೆಯನ್ನು, ಸಾಬೂನು ಜಿಡ್ಡನ್ನು ಚದರಿಸುವಂತೆ, ಸಣ್ಣ ಸಣ್ಣ ಹನಿಗಳನ್ನಾಗಿ ಮಾಡಿಕೊಡುವುದು.

ಸಣ್ಣ ಕರುಳಿನ ಉದ್ದ ಸುಮಾರು ಆರು ಮೀಟರು. ಒಳಮೈ ನುಣುಪಾಗಿಲ್ಲ, ಮಡಿಕೆಗಳು, ಮಡಿಕೆಗಳ ಮೇಲೆ ಬೆರಳಿನಂಥ ಸೂಕ್ಷ್ಮ ರಸಾಂಕುರಗಳು, ಒಂದೊಂದು ಅಂಕುರದ ಕಣಗಳ ಮೇಲೂ ಮತ್ತೆ ಕೂದಲಿಗಿಂತ ಬಹು ಸೂಕ್ಷ್ಮವಾದ ಚಾಚುಗಳು. ಇವನ್ನೆಲ್ಲ ಹರಡಿದರೆ ಟೆನ್ನಿಸ್ ಆಟದ ಅಂಗಣದಷ್ಟಾಗುವುದೆಂದು ಪುಸ್ತಕಗಳು ಬಹುಕಾಲ ಹೇಳುತ್ತಿದ್ದುವು. 2014ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪುನಃ ಅಳೆದು, ಅದು ಸುಮಾರು 30 ಚದರ ಮೀಟರು ಮಾತ್ರವೆಂದು ತೋರಿಸಿದರು. ಇಷ್ಟಾದರೂ ದೊಡ್ಡದೊಂದು ಕೋಣೆಯ ನೆಲದಷ್ಟಾಯಿತಲ್ಲ! ಸರಗಳ ಕೊನೆಯ ಗಂಟನ್ನು ಬಿಡಿಸುವ ಕಿಣ್ವಗಳು ಇರುವುದು ಈ ಚಾಚುಗಳ ಮೇಲೆಯೇ. ಬಿಡಿಯಾದ ಗ್ಲೂಕೋಸೂ ಅಮೈನೋ ಆಮ್ಲಗಳೂ ಗೋಡೆಯನ್ನು ದಾಟಿ ರಕ್ತವನ್ನು ಸೇರಿ ಮೊದಲು ಯಕೃತ್ತಿಗೆ ಹೋಗುತ್ತವೆ; ಕೊಬ್ಬಿನ ಬಹುಭಾಗ ಬೇರೊಂದು ನಾಳದ ದಾರಿ ಹಿಡಿಯುತ್ತದೆ.

ಗ್ಲೂಕೋಸು ಈ ಗೋಡೆಯನ್ನು ದಾಟುವ ಬಗೆ ತಿಳಿದುದರಿಂದ ಅಸಂಖ್ಯ ಮಕ್ಕಳ ಪ್ರಾಣ ಉಳಿದಿದೆ. ಅದು ಒಂಟಿಯಾಗಿ ಒಳಹೋಗದು. ಉಪ್ಪಿನ ಸೋಡಿಯಂ ಜೊತೆಗೂಡಿದರೆ ಎರಡೂ ಒಟ್ಟಿಗೆ ನುಸುಳುತ್ತವೆ, ಅವುಗಳ ಹಿಂದೆ ನೀರೂ ಹೋಗುವುದು. ರಾಬರ್ಟ್ ಕ್ರೇನ್ 1960ರಲ್ಲಿ ಈ ವಿಚಾರವನ್ನು ಮಂಡಿಸಿದನು. ಕಾಲರಾ ರೋಗಿಯ ಕರುಳು ನೀರನ್ನು ಎಡೆಬಿಡದೆ ಹೊರಚೆಲ್ಲುತ್ತಿರುವಾಗಲೂ ಈ ಜೋಡಿಬಾಗಿಲು ಮುಚ್ಚುವುದಿಲ್ಲ. 1971ರಲ್ಲಿ ಪಶ್ಚಿಮ ಬಂಗಾಳದ ಬಾನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ನರಕ್ಕೆ ಹಾಕುವ ದ್ರಾವಣ ಸಾಲದಾದಾಗ, ಡಾ. ದಿಲೀಪ್ ಮಹಾಲನಬೀಸರು ಉಪ್ಪು, ಸೋಡಾ, ಗ್ಲೂಕೋಸುಗಳನ್ನು ನೀರಿನಲ್ಲಿ ಕರಗಿಸಿ ಕುಡಿಸಿದರು. ನೂರಕ್ಕೆ ಮೂವತ್ತರ ಸುಮಾರಿಗಿದ್ದ ಸಾವು, ಹೀಗೆ ಕುಡಿಸಿದವರಲ್ಲಿ ನಾಲ್ಕಕ್ಕಿಂತ ಕೆಳಗಿಳಿಯಿತು. ಇಂದು ಯಾವ ಹಳ್ಳಿಯ ಔಷಧದಂಗಡಿಯಲ್ಲೂ ಸಿಗುವ ಓ.ಆರ್.ಎಸ್. ಪೊಟ್ಟಣದೊಳಗೆ ಇರುವುದು ಇದೇ ತತ್ತ್ವ. ಬರಿಯ ನೀರು ಇಷ್ಟು ಕೆಲಸ ಮಾಡದು.

ಕುಡಿದ ನೀರು, ದೇಹವೇ ಸುರಿಸಿದ ರಸಗಳು ಎಲ್ಲ ಸೇರಿ ದಿನಕ್ಕೆ ಒಂಬತ್ತು ಲೀಟರಿನಷ್ಟು ದ್ರವ ಕರುಳಿಗೆ ಬರುವುದು. ಹೊರಹೋಗುವುದು ಒಂದೆರಡು ಬಟ್ಟಲಿಗೂ ಕಡಮೆ. ಮಿಕ್ಕುದನ್ನೆಲ್ಲ ಸಣ್ಣ ಕರುಳೂ, ಕೊನೆಗೆ ಒಂದೂವರೆ ಮೀಟರಿನ ದೊಡ್ಡ ಕರುಳೂ ಹಿಂದಕ್ಕೆ ಹೀರಿಕೊಳ್ಳುತ್ತವೆ. ದೊಡ್ಡ ಕರುಳಿನಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಗಳ ಬಿಡಾರವಿದೆ. ತೊಗರಿಬೇಳೆಯಲ್ಲಿರುವ ಕೆಲವು ಜಾತಿಯ ಸಕ್ಕರೆಗಳನ್ನು ಒಡೆಯುವ ಕಿಣ್ವ ನಮ್ಮಲ್ಲಿಲ್ಲ; ಅವು ಹಾಗೆಯೇ ಇಲ್ಲಿಗೆ ಬಂದು ಈ ಜೀವಿಗಳಿಗೆ ಔತಣವಾಗುತ್ತವೆ, ಔತಣದ ಗಲಾಟೆಯೇ ಬೇಳೆಯುಂಡವನ ಹೊಟ್ಟೆಯ ಗುಡುಗು. ಬೇಳೆಯನ್ನು ನೆನೆಹಾಕಿ ಆ ನೀರನ್ನು ಚೆಲ್ಲಿದರೆ ಇದು ತುಸು ಕಡಮೆಯಾದೀತು. ಜೋಳದ ನಾರಿನಲ್ಲಿ ಕೆಲವಂಶವೂ ಇಲ್ಲಿ ಹುದುಗಿ ಸಣ್ಣ ಆಮ್ಲಗಳಾಗುವುದು. ದೊಡ್ಡ ಕರುಳಿನ ಗೋಡೆಗೆ ಅವೇ ಮುಖ್ಯ ಆಹಾರ.

ಈಗ ಮೊದಲು ಕೇಳಿದ ಎರಡನೆಯ ಪ್ರಶ್ನೆ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು ಉಂಟು. ಇದರ ಹೆಚ್ಚಿನ ಭಾಗ ಕಾಫಿರಿನ್ ಎಂಬ ಬಗೆಯದು. ಕಾಳಿನೊಳಗೆ ಅದು ಪುಟ್ಟ ಗೋಲಿಗಳಾಗಿ ಕಟ್ಟಿಕೊಂಡಿರುತ್ತದೆ. ಬೇಯಿಸಿದರೆ ಪಿಷ್ಟ ಸಡಿಲವಾಗುವುದೆಂದು ಮೇಲೆ ಹೇಳಿದೆವಷ್ಟೆ. ವಿಚಿತ್ರವೆಂದರೆ, ನೀರಿನಲ್ಲಿ ಬೆಂದಾಗ ಕಾಫಿರಿನ್ನಿನ ಸರಗಳು ಒಂದಕ್ಕೊಂದು ಗಂಧಕದ ಕೊಂಡಿಗಳಿಂದ ಹೆಣೆದುಕೊಂಡು, ಕಿಣ್ವಗಳಿಗೆ ಇನ್ನೂ ದುರ್ಭೇದ್ಯವಾಗುವುವು. 1981ರಲ್ಲಿ ಪೆರು ದೇಶದಲ್ಲಿ ಚಿಕ್ಕ ಮಕ್ಕಳಿಗೆ ಇಡೀ ಜೋಳದ ಗಂಜಿಯನ್ನು ಕೊಟ್ಟು ಅಳೆದಾಗ, ಅದರ ಪ್ರೋಟೀನಿನಲ್ಲಿ ಅರ್ಧಕ್ಕಿಂತ ಕಡಮೆ ಪಾಲನ್ನು ಮಾತ್ರ ಅವರ ಕರುಳು ಸೆಳೆದುಕೊಂಡಿತ್ತು. ಹಿಟ್ಟನ್ನು ಹುಳಿಹಿಡಿಸಿ ಅಡುಗೆ ಮಾಡಿದರೆ ಈ ಹೆಣಿಗೆ ಸ್ವಲ್ಪ ಸಡಿಲುವುದೆಂದು ಸುಡಾನಿನ ಜೋಳದ ತಿನಿಸುಗಳ ಮೇಲೆ ನಡೆದ ಪರೀಕ್ಷೆಗಳು ತೋರಿಸಿವೆ. ನಮ್ಮ ಹುಳಿ ಅಂಬಲಿಯೂ ಆ ಕುಲದ್ದೇ.

ಒಳಗೆ ಸೇರಿದ ಪಾಲಿನಲ್ಲಿಯೂ ಕೊರತೆಯೊಂದುಂಟು. ದೇಹವು ತಾನೇ ತಯಾರಿಸಿಕೊಳ್ಳಲಾಗದ ಅಮೈನೋ ಆಮ್ಲಗಳಲ್ಲಿ ಲೈಸಿನ್ ಒಂದು. ಐವತ್ತು ಕಿಲೋ ತೂಕದ ವಯಸ್ಕನಿಗೆ ದಿನಕ್ಕೆ ಸುಮಾರು 1.5 ಗ್ರಾಂ ಬೇಕು. ಮುನ್ನೂರು ಗ್ರಾಂ ಜೋಳದ ರೊಟ್ಟಿಗಳನ್ನು ಉಂಡರೂ, ಕರುಳು ಎಲ್ಲವನ್ನೂ ಹೀರಿತೆಂದು ಉದಾರವಾಗಿ ಲೆಕ್ಕ ಹಾಕಿದರೂ, ಅದರಿಂದ ಸಿಗುವುದು 0.7 ಗ್ರಾಮಿಗಿಂತ ಕಡಮೆ. ಅದರೊಡನೆ ಅರವತ್ತು ಗ್ರಾಂ ತೊಗರಿಬೇಳೆ ಸೇರಲಿ: ಬೇಳೆಯಲ್ಲಿ ಪ್ರೋಟೀನು ನೂರಕ್ಕೆ 22ರಷ್ಟಿದ್ದು, ಅದರಲ್ಲಿ ಲೈಸಿನ್ ಹೇರಳವಾಗಿರುವುದರಿಂದ, ಇನ್ನೂ ಸುಮಾರು 0.9 ಗ್ರಾಂ ಬಂದು ಲೆಕ್ಕ ಸರಿಹೋಗುವುದು. ಬೇಳೆಯಲ್ಲಿ ಕೊರತೆಯಿರುವ ಗಂಧಕಯುಕ್ತ ಅಮೈನೋ ಆಮ್ಲಗಳನ್ನು ಜೋಳವು ತುಂಬಿಕೊಡುವುದು. ಎರಡನ್ನೂ ಒಂದೇ ಹೊಲದಲ್ಲಿ ಅಕ್ಕಡಿಯಾಗಿ ಬೆಳೆದ ರೈತನಿಗೆ ಈ ಲೆಕ್ಕ ತಿಳಿದಿರಲಿಲ್ಲ. ಅವನ ತಟ್ಟೆಗೆ ಮಾತ್ರ ತಿಳಿದಿತ್ತು.

ಬೇಳೆ ತಟ್ಟೆಗೆ ಬಾರದ ಮನೆಗಳ ಕಥೆ ಬೇರೆ. ಪೆಲ್ಲಾಗ್ರ ಎಂಬ ರೋಗದಲ್ಲಿ ಬಿಸಿಲು ತಗಲುವ ಕುತ್ತಿಗೆ, ಕೈಕಾಲುಗಳ ಚರ್ಮ ಕಪ್ಪಾಗಿ ಒರಟಾಗುವುದು, ನಾಲಗೆ ಕೆಂಪಾಗಿ ಉರಿಯುವುದು, ಭೇದಿ ಹಿಡಿಯುವುದು, ಮುಂದೆ ಬುದ್ಧಿಭ್ರಮಣೆಯೂ ಆಗುವುದು. ಅದು ಸೋಂಕಿನ ರೋಗವಲ್ಲ, ಆಹಾರದ ಕೊರತೆಯೆಂದು ಅಮೆರಿಕದಲ್ಲಿ ಜೋಸೆಫ್ ಗೋಲ್ಡ್‌ಬರ್ಗರ್ 1915ರ ಸುಮಾರಿಗೆ ತೋರಿಸಿದ್ದನು. ಕೊರತೆಯಾದ ವಸ್ತು ನಯಾಸಿನ್ ಎಂಬ ಜೀವಸತ್ತ್ವವೆಂದು 1937ರಲ್ಲಿ ಗೊತ್ತಾಯಿತು. ಅಲ್ಲಿ ರೋಗಿಗಳು ಮೆಕ್ಕೆಜೋಳ ತಿನ್ನುವವರು. ಆದರೆ ದಖ್ಖಣದ ಪ್ರಸ್ಥಭೂಮಿಯಲ್ಲಿ, ಮೆಕ್ಕೆಜೋಳವನ್ನಲ್ಲ, ಬಿಳಿಜೋಳವನ್ನೇ ನೆಚ್ಚಿದ ಬಡ ಕೂಲಿಕಾರರಲ್ಲಿಯೂ ಅದು ಕಾಣಿಸಿಕೊಂಡಿತು. 1956ರವರೆಗೆ ಕಲಬುರಗಿ ಸೀಮೆಯ ರಾಜಧಾನಿಯೂ ಆಗಿದ್ದ ಹೈದರಾಬಾದಿನಲ್ಲಿ, 1958ರಲ್ಲಿ ಕೂನೂರಿನಿಂದ ಅಲ್ಲಿಗೆ ಬಂದು ನೆಲಸಿದ ಪೌಷ್ಟಿಕ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಿಯ ಇದರ ಬೆನ್ನು ಹತ್ತಿದರು. ಜೋಳದಲ್ಲಿ ನಯಾಸಿನ್ ಅಷ್ಟೇನೂ ಕಡಮೆಯಿಲ್ಲ; ಆದರೂ ರೋಗವೇಕೆ? ಜೋಳದ ಪ್ರೋಟೀನಿನಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಅತಿಯಾಗಿದೆ. ಟ್ರಿಪ್ಟೊಫಾನ್ ಎಂಬ ಇನ್ನೊಂದರಿಂದ ದೇಹವು ನಯಾಸಿನ್ ತಯಾರಿಸಿಕೊಳ್ಳುವ ಕೆಲಸಕ್ಕೆ ಇದು ಅಡ್ಡಿಬರುವುದೆಂದು ಅವರು 1960ರಲ್ಲಿ ಸೂಚಿಸಿದರು. ಈ ವಿವರಣೆಯನ್ನು ಬೇರೆಡೆಯ ಪ್ರಯೋಗಗಳೆಲ್ಲವೂ ಎತ್ತಿಹಿಡಿಯಲಿಲ್ಲ, ಚರ್ಚೆ ಬಹುಕಾಲ ನಡೆಯಿತು. ರೋಗಿಗಳ ಊಟದ ಸ್ವರೂಪದಲ್ಲಿ ಮಾತ್ರ ಸಂದೇಹವಿರಲಿಲ್ಲ: ಹೊತ್ತು ಹೊತ್ತಿಗೂ ರೊಟ್ಟಿ, ಅದರೊಡನೆ ಖಾರ, ಮತ್ತೇನೂ ಇಲ್ಲ. ಇಂಥವರಲ್ಲಿ ರೋಗವು ಕರುಳಿನ ಒಳಪೊರೆಯನ್ನೇ ಕೆಡಿಸುವುದರಿಂದ, ಉಂಡ ಅಷ್ಟಿಷ್ಟನ್ನು ಹೀರುವ ಶಕ್ತಿಯೂ ಕುಂದುವುದು. ಭೇದಿಯಲ್ಲಿ ಉಳಿದುದೂ ಹೋಗುವುದು. ನಯಾಸಿನ್ ಕೊಟ್ಟರೆ ಬಾಯಿಯ ಹುಣ್ಣು ಕೆಲವೇ ದಿನಗಳಲ್ಲಿ ಮಾಯುತ್ತದೆ, ಚರ್ಮ ತಿಳಿಯಾಗಲು ವಾರಗಳು ಬೇಕು.